ತಪ್ಪು ಮಾಡದವನ ತಾಯಿ

ಸೆಪ್ಟೆಂಬರ್ 8 ಹತ್ತಿರ ಬಂತೆಂದರೆ ಹರಿಹರದ ಕಡೆಗೆ ಜನ ಹೊರಡುತ್ತಾರೆ. ಅಂದು ಆರೋಗ್ಯ ಮಾತೆಯ ಹಬ್ಬ. ನಮ್ಮ ಎಂ.ಸಿ.ಸಿ. ಬಡಾವಣೆಯಿಂದಲೂ ಹೋಗುತ್ತಾರೆ, ಸುತ್ತಲ ಹಳ್ಳಿಗಳಿಂದಲೂ ಬರುತ್ತಾರೆ. ಜಾತಿ ಮತ ಯಾರೂ ಕೇಳುವುದಿಲ್ಲ. ಮಗುವಿಗೆ ಜ್ವರ, ಮಂಡಿನೋವು, ಮಕ್ಕಳಾಗಲಿಲ್ಲ ಎಂದು ಹರಕೆ ಹೊತ್ತವರೇ ಹೆಚ್ಚು. 2019ರಲ್ಲಿ ಆ ಚರ್ಚಿಗೆ ಬೆಸಿಲಿಕಾ ಎಂಬ ಗೌರವವೂ ಸಿಕ್ಕಿತು.

ಆ ತಾಯಿ ಯಾರು ಎಂದರೆ ಯೇಸುವಿನ ತಾಯಿ ಮರಿಯಮ್ಮ ಎನ್ನುತ್ತೇವೆ. ಕೋರ್ಟ್ ಸುದ್ದಿ ಬರೆಯುವ ನಾವು ಇದನ್ನೇ ಇನ್ನೊಂದು ರೀತಿ ಹೇಳಬಹುದು. ಆಕೆ, ಮಾಡದ ತಪ್ಪಿಗೆ ಸರ್ಕಾರದಿಂದ ಮರಣದಂಡನೆ ಆದವನ ತಾಯಿ.

ಶುಭ ಶುಕ್ರವಾರದ ಕಥೆಯನ್ನು ಒಂದು ಕೇಸಿನಂತೆ ಓದಿ ನೋಡಿ. ರೋಮ್ ಸರ್ಕಾರದ ಅಧಿಕಾರಿ ಪಿಲಾತ ವಿಚಾರಣೆ ಮಾಡಿದ. ಇವನಲ್ಲಿ ಅಪರಾಧ ಕಾಣುತ್ತಿಲ್ಲ ಎಂದು ಒಂದಲ್ಲ, ಹಲವು ಸಲ ಹೇಳಿದ. ಹೊರಗೆ ಗುಂಪು ಕೂಗುತ್ತಿತ್ತು. ಮೇಲಿನವರಿಗೆ ದೂರು ಹೋದೀತೆಂಬ ಅಳುಕೂ ಇತ್ತು. ಕೊನೆಗೆ ನೀರು ತರಿಸಿ ಕೈ ತೊಳೆದುಕೊಂಡು ಶಿಲುಬೆಗೆ ಒಪ್ಪಿಸಿದ. ಹಿಡಿದುಕೊಟ್ಟ ಯೂದ, ನಿರಪರಾಧಿಯನ್ನು ಒಪ್ಪಿಸಿದೆ ಎಂದು ಸಂಕಟಪಟ್ಟು 30 ಬೆಳ್ಳಿ ನಾಣ್ಯ ವಾಪಸ್ ತಂದ. ಅದು ರಕ್ತದ ದುಡ್ಡು, ಕಾಣಿಕೆ ಪೆಟ್ಟಿಗೆಗೆ ಹಾಕುವಂತಿಲ್ಲ ಎಂದು ಪುರೋಹಿತರು ಕುಂಬಾರನ ಹೊಲವೊಂದನ್ನು ಕೊಂಡರು. ದುಡ್ಡಿನ ವಿಷಯದಲ್ಲಿ ನಿಯಮ ತಪ್ಪಲಿಲ್ಲ, ಆದರೆ ಒಂದು ಜೀವ ಹೋಯಿತು.

ಇಲ್ಲಿ ಯೇಸು ನಿರಪರಾಧಿ ಎಂದು ಗೊತ್ತಿಲ್ಲದ ಅಧಿಕಾರಿ ಯಾರೂ ಇಲ್ಲ ಎಂಬಷ್ಟು ಅದು ಸ್ಪಷ್ಟ. ಗೊತ್ತಿದ್ದವರು ಏನು ಮಾಡಿದರು ಎಂಬುದೇ ಪ್ರಶ್ನೆ. ಈ ಕಥೆಯನ್ನೇ ಹಿಡಿದು ಶತಮಾನಗಳ ಕಾಲ ಇಡೀ ಯಹೂದಿ ಜನರನ್ನು ಅಪರಾಧಿಗಳೆಂದು ಹಿಂಸಿಸಿದರು. ಎಲ್ಲ ಯಹೂದಿಗಳ ಮೇಲೆ ಆ ಹೊಣೆ ಹೊರಿಸುವುದು ತಪ್ಪೆಂದು ವ್ಯಾಟಿಕನ್ ಮಹಾಸಭೆ ಹೇಳಿದ್ದು 1965ರಲ್ಲಿ. ನಿರಪರಾಧಿಯ ಕಥೆ ಓದುವವರೂ ನಿರಪರಾಧಿಗಳನ್ನು ನೋಯಿಸಬಲ್ಲರು.

ಇದು ಹಳೇ ಕಾಲದ ಮಾತು ಎನ್ನಬೇಡಿ. ಫಾದರ್ ಸ್ಟ್ಯಾನ್ ಸ್ವಾಮಿ ಹೆಸರು ಕೇಳಿರಬಹುದು. ಹುಟ್ಟಿದ್ದು ತಮಿಳುನಾಡಿನಲ್ಲಿ. 1975ರಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್ ನಡೆಸಿದರು. ಆಮೇಲೆ ಜಾರ್ಖಂಡಿನ ಆದಿವಾಸಿಗಳ ಜೊತೆ ಇದ್ದರು. ನಕ್ಸಲರೆಂದು ಜೈಲು ಸೇರಿ, ವಿಚಾರಣೆ ಮುಗಿಯದೆ ಕೊಳೆಯುತ್ತಿದ್ದ ಆದಿವಾಸಿ ಹುಡುಗರ ಬಗ್ಗೆ ಅಧ್ಯಯನ ಮಾಡಿ ಹೈಕೋರ್ಟಿಗೆ ಹೋದರು.

2020ರ ಅಕ್ಟೋಬರ್ 8ರಂದು ಭೀಮಾ ಕೋರೆಗಾಂವ್ ಕೇಸಿನಲ್ಲಿ ಯುಎಪಿಎ ಕಾಯ್ದೆಯಡಿ ಅವರನ್ನೇ ಬಂಧಿಸಿದರು. ಆಗ ಅವರಿಗೆ 83 ವರ್ಷ. ಮಾವೋವಾದಿಗಳ ಜೊತೆ ನಂಟು ಎಂಬ ಆರೋಪವನ್ನು ಅವರು ಒಪ್ಪಲಿಲ್ಲ. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗಿ ಲೋಟ ಹಿಡಿಯಲಾಗುತ್ತಿರಲಿಲ್ಲ. ನೀರು ಕುಡಿಯಲು ಸ್ಟ್ರಾ, ಸಿಪ್ಪರ್ ಬೇಕೆಂದು ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. ಜಾಮೀನು ಸಿಗಲಿಲ್ಲ. 2021ರ ಜುಲೈ 5ರಂದು ಮುಂಬೈ ಆಸ್ಪತ್ರೆಯಲ್ಲಿ ತೀರಿಕೊಂಡರು. ವಿಚಾರಣಾಧೀನ ಕೈದಿಗಳ ಪರ ನಿಂತವರು ತಾವೇ ವಿಚಾರಣಾಧೀನರಾಗಿ ಹೋದರು. ಅವರ ಕಂಪ್ಯೂಟರಿಗೆ ಹ್ಯಾಕರ್‌ಗಳು ದಾಖಲೆಗಳನ್ನು ತುರುಕಿದ್ದರು ಎಂದು ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ ಸಂಸ್ಥೆ 2022ರ ಡಿಸೆಂಬರ್‌ನಲ್ಲಿ ವರದಿ ಕೊಟ್ಟಿತು. ಅದನ್ನು ಕೇಳಿಸಿಕೊಳ್ಳಲು ಅವರು ಇರಲಿಲ್ಲ.

ನಿರಪರಾಧಿ ಎಂದರೆ ಬಾಯಿಲ್ಲದವನು ಎಂದು ನಾವು ತಿಳಿದಿರುತ್ತೇವೆ. ಯೇಸು ಹಾಗಿರಲಿಲ್ಲ. ವಿಚಾರಣೆಯಲ್ಲಿ ಕಾವಲುಗಾರ ಕೆನ್ನೆಗೆ ಹೊಡೆದಾಗ, ನಾನು ಆಡಿದ್ದರಲ್ಲಿ ತಪ್ಪಿದ್ದರೆ ತೋರಿಸು, ಇಲ್ಲದಿದ್ದರೆ ಏಕೆ ಹೊಡೆದೆ ಎಂದು ಕೇಳಿದ. ತಿರುಗಿ ಹೊಡೆಯಲಿಲ್ಲ, ಹೊಡೆದದ್ದು ಸರಿ ಎಂದು ಒಪ್ಪಲೂ ಇಲ್ಲ. ಕ್ಷಮಿಸುವುದು ಎಂದರೆ ಅನ್ಯಾಯವನ್ನು ಮುಚ್ಚಿಡುವುದಲ್ಲ ಎಂಬುದನ್ನು ನಾವು ಆ ಮಾತಿನಿಂದ ಕಲಿಯಬಹುದು.

ನಮ್ಮ ದೇಶದ ಜೈಲುಗಳಲ್ಲಿ ಇರುವ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನರು. ಅಂದರೆ ಅಪರಾಧ ಇನ್ನೂ ಸಾಬೀತಾಗಿಲ್ಲ. ಅವರಲ್ಲಿ ತಪ್ಪು ಮಾಡಿದವರೂ ಇರಬಹುದು, ಮಾಡದವರೂ ಇರಬಹುದು. ಊರು ಮಾತ್ರ ಪೊಲೀಸ್ ಜೀಪು ಬಂದ ದಿನವೇ ತೀರ್ಪು ಕೊಟ್ಟಿರುತ್ತದೆ. ಮನೆಯವರನ್ನು ಮಾತಾಡಿಸುವುದಿಲ್ಲ, ಮಗಳಿಗೆ ಬಂದ ಸಂಬಂಧ ಮುರಿಯುತ್ತದೆ. ಆ ತಾಯಿಯೊಬ್ಬಳೇ ಬುತ್ತಿ ಹಿಡಿದು ಕೋರ್ಟಿಗೆ ಅಲೆಯುತ್ತಾಳೆ. ಶಿಲುಬೆಯ ಹತ್ತಿರವೂ ಹೆಚ್ಚಿನ ಶಿಷ್ಯರು ಇರಲಿಲ್ಲ, ತಾಯಿ ಇದ್ದಳು.

ನಿಮ್ಮೂರಲ್ಲಿ ಅಂಥ ಮನೆ ಇದ್ದರೆ ಇಷ್ಟು ಹೇಳಿ. ಜೈಲಿನಲ್ಲಿರುವವರಿಗೆ ವಕೀಲರನ್ನು ಉಚಿತವಾಗಿ ಕೊಡಬೇಕೆಂದು ಕಾನೂನಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಬೇಕು, ಇಲ್ಲವೇ 15100ಕ್ಕೆ ಫೋನ್ ಮಾಡಬೇಕು. ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆಯಾಗದವರು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೇ ಕಳೆದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಪ್ರಕಾರ ಬಿಡುಗಡೆ ಕೇಳಬಹುದು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಇರುವ ಕೇಸುಗಳಿಗೆ, ಒಂದಕ್ಕಿಂತ ಹೆಚ್ಚು ಕೇಸು ಇರುವವರಿಗೆ ಇದು ಸಿಗುವುದಿಲ್ಲ. ಕೇಳಲು ಆ ತಾಯಿಗೆ ಓದುಬರಹ ಬಾರದಿದ್ದರೆ ಜೊತೆಗೆ ಒಬ್ಬರು ಹೋಗಿ.