ಕಾಲೇಜು ಡೈರಿ – 9 | ಸ್ಟೋರ್ ರೂಮಿನಲ್ಲೊಂದು ಲ್ಯಾಬ್

ಫೋಟೋದಲ್ಲಿ ಕಾಣ್ತಿರೋದು ನಮ್ಮ ಕಾಲೇಜಿನ ಹಳೇ ಸ್ಟೋರ್ ರೂಮು. ಮುರಿದ ಬೆಂಚು, ಧೂಳು ಹಿಡಿದ ಉತ್ತರಪತ್ರಿಕೆಗಳ ಕಟ್ಟು ಇದ್ದ ಜಾಗ. ಈಗ ಇದು ಲ್ಯಾಂಗ್ವೇಜ್ ಲ್ಯಾಬ್. 12 ಹಳೇ ಕಂಪ್ಯೂಟರು, ಮೈಕ್ ಇರೋ 12 ಹೆಡ್‌ಫೋನು, ನಡುನಡುವೆ ಪ್ಲೈವುಡ್ ಹಲಗೆ, ಕಿಟಕಿಗೆ ದಪ್ಪ ಪರದೆ. ಅಷ್ಟೇ.

ಯಾಕೆ ಮಾಡಿದ್ರಿ ಅಂತ ಕೇಳಿದವರಿಗೆಲ್ಲ "ಮಕ್ಕಳಿಗೆ ಇಂಟರ್‌ವ್ಯೂಗೆ ಅನುಕೂಲ ಆಗ್ಲಿ ಅಂತ" ಅಂದಿದ್ದೀನಿ. ನಿಮಗೆ ನಿಜ ಹೇಳ್ತೀನಿ.

ಎರಡು ವರ್ಷದ ಹಿಂದೆ ಬಿ.ಎ. ಮೊದಲ ವರ್ಷದ ಹುಡುಗಿಯೊಬ್ಬಳು ಇಂಗ್ಲಿಷ್ ಪಾಠ ಓದುವಾಗ 'ಹಿಸ್ಟರಿ'ಯನ್ನ 'ಇಸ್ಟರಿ' ಅಂದಳು. ನಮ್ಮ ಮಂಡ್ಯದ ಕಡೆ ಹೋಟ್ಲು 'ಓಟ್ಲು' ಆಗುತ್ತೆ, ಹಾಲು 'ಆಲು' ಆಗುತ್ತೆ. ಅದರಲ್ಲಿ ನಗೋದೇನಿತ್ತು? ಆದ್ರೂ ಕ್ಲಾಸು ನಕ್ಕಿತು. ನಾನೂ ನಕ್ಕೆ. ಆ ವರ್ಷ ಪೂರ್ತಿ ಅವಳು ನನ್ನ ಕ್ಲಾಸಿನಲ್ಲಿ ಮತ್ತೆ ಬಾಯಿ ಬಿಡಲಿಲ್ಲ.

ತಪ್ಪು ಮಾಡೋಕೆ ಒಂದು ಜಾಗ ಬೇಕಿತ್ತು. ಅದೇ ಈ ಲ್ಯಾಬು.

ಇಲ್ಲಿ ಅಡಾಸಿಟಿ ಅನ್ನೋ ಉಚಿತ ಸಾಫ್ಟ್‌ವೇರ್ ಬಳಸ್ತೀವಿ. ಮೇಲಿನ ಟ್ರ್ಯಾಕಿನಲ್ಲಿ ಮಾದರಿ ದನಿ, ಕೆಳಗಿನದ್ರಲ್ಲಿ ನಿಮ್ಮದು. ಕೇಳಿ, ಹೇಳಿ, ರೆಕಾರ್ಡ್ ಮಾಡಿ, ಎರಡನ್ನೂ ಹೋಲಿಸಿ. ವೇಗ ಜಾಸ್ತಿ ಅನಿಸಿದ್ರೆ ನಿಧಾನ ಮಾಡ್ಕೊಳ್ಳಿ. ತಪ್ಪಾಯ್ತಾ? ಅಳಿಸಿ. ಯಾರಿಗೂ ಗೊತ್ತಾಗಲ್ಲ.

ಒಂದು ಉದಾಹರಣೆ. ಇಂಗ್ಲಿಷಿನಲ್ಲಿ ಪಶ್ಚಿಮಕ್ಕೂ ಬನಿಯನ್‌ಗೂ ಬೇರೆ ಬೇರೆ ಪದ. ಕನ್ನಡದಲ್ಲಿ ಬರೆದ್ರೆ ಎರಡೂ 'ವೆಸ್ಟ್'. ನಮ್ಮಲ್ಲಿರೋದು ಒಂದೇ 'ವ' ನೋಡಿ. ದಿಕ್ಕು ಹೇಳೋವಾಗ ಊದೋ ಹಾಗೆ ತುಟಿ ದುಂಡಗಾಗಬೇಕು. ಬನಿಯನ್ ಹೇಳೋವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಬೋರ್ಡಿನ ಮೇಲೆ ಎಷ್ಟು ಸಲ ಬರೆದ್ರೂ ಇದು ಬರಲ್ಲ. ಮೊದಲು ಕಿವಿಗೆ ಸಿಗಬೇಕು, ಆಮೇಲೆ ಬಾಯಿಗೆ.

ಕೊನೆಯ 10 ನಿಮಿಷ ಹೆಡ್‌ಫೋನ್ ತೆಗೆದು, ಇಬ್ಬಿಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಕೂರ್ತಾರೆ. ಒಬ್ಬರ ಕೈಲಿ ಬಸ್ಸಿನ ವೇಳಾಪಟ್ಟಿ. ಇನ್ನೊಬ್ಬರು ಕೇಳಿ ಕೇಳಿ ಬರ್ಕೋಬೇಕು, ಫೋನಲ್ಲಿ ಮಾತಾಡಿದ ಹಾಗೆ. ಮುಖ ಕಾಣಲ್ಲ, ಕೈಸನ್ನೆ ನಡೆಯಲ್ಲ. ಇದಿಲ್ಲದಿದ್ರೆ ಲ್ಯಾಬು ಬರೀ ಗಿಳಿಪಾಠ.

ಆ ಹುಡುಗಿ ಈಗ ಕೊನೇ ವರ್ಷ. ಮೊದಲ ಬ್ಯಾಚಿನಲ್ಲೇ ಬಂದಳು. ಮೂಲೆಯ ಕಂಪ್ಯೂಟರಲ್ಲಿ ಕೂತು ಒಂದೇ ಪ್ಯಾರಾ ಎಷ್ಟು ಸಲ ರೆಕಾರ್ಡ್ ಮಾಡಿ ಅಳಿಸಿದಳೋ! ಎಲ್ಲರೂ ಹೋದ ಮೇಲೆ ಹತ್ತಿರ ಬಂದು, "ಅವತ್ತು ನೀವೂ ನಕ್ಕಿದ್ರಿ ಸಾ" ಅಂದಳು.

"ಹೌದಮ್ಮ. ತಪ್ಪಾಯ್ತು."

"ಈಗ ಒಂದ್ಸಲ ಓದ್ಲಾ ಸಾ?"

ಓದಿದಳು. ಹಿಸ್ಟರಿ ಹಿಸ್ಟರಿಯಾಗೇ ಬಂತು. ಬ್ಯಾಗು ಹೆಗಲಿಗೆ ಹಾಕ್ಕೊಂಡು "ಓಗ್‌ಬತ್ತೀನಿ ಸಾ" ಅಂದಳು.

ಅದನ್ನ ನಾನು ತಿದ್ದಲಿಲ್ಲ.

ನಿಮ್ಮ ಬಾಯಿ ಮುಚ್ಚಿಸಿದ ನಗು ಯಾವುದಾದ್ರೂ ಇದ್ಯಾ? ಕೆಳಗೆ ಬರೀರಿ. ಇಲ್ಲಿ ಯಾರೂ ನಗಲ್ಲ.

#ಕಾಲೇಜುಡೈರಿ #ಲ್ಯಾಂಗ್ವೇಜ್‌ಲ್ಯಾಬ್