ಒಗರು ಎಂಬ ನಮ್ಮ ಶಬ್ದ

ನಮ್ಮ ಕಡೆ ಕುಡಿತಕ್ಕೆ ಅಳತೆಯ ಶಬ್ದಗಳಿವೆ, ರುಚಿಯ ಶಬ್ದಗಳಿಲ್ಲ. ಕ್ವಾರ್ಟರ್, ನೈಂಟಿ, ಪೆಗ್, ಅಷ್ಟೆ. ಜೇವರ್ಗಿ ತಾಲ್ಲೂಕಿನ ಸುದ್ದಿ ಬರೆಯುವ ನನಗೆ ಮದ್ಯ ಎಂದರೆ ಅಂಗಡಿ ಮುಚ್ಚಿಸಿ ಎಂದು ಧರಣಿ ಕೂತ ಹೆಣ್ಣುಮಕ್ಕಳು, ಇಲ್ಲವೇ ಅಬಕಾರಿ ದಾಳಿಯ ನಾಲ್ಕು ಸಾಲು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಅದೇ ವರ್ಷ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೂ ತಂದಿತು. ಮೊದಲನೆಯದು ನಮ್ಮ ಕೊಳಕೂರಿನ ಮನೆಮನೆಗೂ ಗೊತ್ತಾಯಿತು. ಎರಡನೆಯದರ ಸುದ್ದಿ ಯಾರೂ ಎತ್ತಲಿಲ್ಲ.

ಡಿಪ್ಲೊಮಾದಲ್ಲಿ ನನ್ನ ಜೊತೆ ಓದಿದ ಗೆಳೆಯನೊಬ್ಬ ಈಗ ಬೆಂಗಳೂರಿನ ಹೋಟೆಲಿನಲ್ಲಿದ್ದಾನೆ. ಹೋದ ಸಲ ಅವನ ರೂಮಿನಲ್ಲಿ ಉಳಿದಾಗ ಸ್ಪೇನಿನ ರಿಯೋಹಾ ಪ್ರದೇಶದ ಕೆಂಪು ವೈನ್ ಬಾಟಲಿ ತೆರೆದ. "ಗಟಗಟ ಕುಡೀಬ್ಯಾಡ. ಮೊದ್ಲು ಮೂಸು, ಆಮ್ಯಾಲ ಹ್ಯಾಂಗದ ಹೇಳು" ಎಂದ. ಅವನ ಕೈಯಲ್ಲಿ ಇಂಗ್ಲಿಷಿನ ಒಂದು ಹಾಳೆ. ಬ್ಲ್ಯಾಕ್‌ಬೆರಿ, ವೆನಿಲ್ಲಾ, ಸೀಡರ್, ಲೆದರ್ ಎಂದು ಅದರಲ್ಲಿತ್ತು. ಬ್ಲ್ಯಾಕ್‌ಬೆರಿ ಎಂದರೆ ನನಗೆ ಗೊತ್ತಿರುವುದು ಹಳೆಯ ಮೊಬೈಲ್ ಮಾತ್ರ.

ಹಾಳೆ ಬದಿಗಿಟ್ಟು ಮೂಸಿದೆ. ಮಾಗಿದ ನೇರಳೆ. ಅದರ ಹಿಂದೆ ಮನೂಕ, ಹುರಿದ ಕೊಬ್ಬರಿ. ಕೊನೆಗೆ ಸಂತೆಯಲ್ಲಿ ಕೊಂಡ ಹೊಸ ಚಪ್ಪಲಿಯ ಚರ್ಮದ ವಾಸನೆ. ಒಂದು ಗುಟುಕು ಬಾಯಲ್ಲಿಟ್ಟುಕೊಂಡಾಗ ನಾಲಿಗೆಯ ಅಂಚು, ಒಸಡು ಎರಡೂ ಹಿಡಿದುಕೊಂಡವು. "ಒಗರು" ಎಂದೆ. "ಟ್ಯಾನಿನ್ ಅಂತಾರಲ್ಲ, ಅದರ ರುಚೀನೇ ಅದು" ಎಂದ ಗೆಳೆಯ.

ಟ್ಯಾನಿನ್ ದ್ರಾಕ್ಷಿಯ ಸಿಪ್ಪೆ, ಬೀಜ ಮತ್ತು ಮರದಿಂದ ಬರುತ್ತದೆ. ಜೊಲ್ಲಿನ ಪ್ರೋಟೀನನ್ನು ಹಿಡಿದು ಬಾಯಿ ಒಣಗಿಸುತ್ತದೆ. ಎಳೆ ಬಾಳೆಕಾಯಿ, ಹಸಿ ಅಡಕೆ ಮಾಡುವುದೂ ಅದನ್ನೇ. ಷಡ್ರಸಗಳ ಲೆಕ್ಕದಲ್ಲಿ ನಾವು ಒಗರನ್ನು ಎಂದೋ ಸೇರಿಸಿಕೊಂಡಿದ್ದೇವೆ. ಇದನ್ನು ಹೇಳಲು ಯಾರಿಂದಲೂ ಶಬ್ದ ಸಾಲ ತರಬೇಕಿಲ್ಲ.

ಆ ಬಾಟಲಿಯ ಮುಖ್ಯ ದ್ರಾಕ್ಷಿ ಟೆಂಪ್ರನೀಯೊ. ಸ್ಪ್ಯಾನಿಷ್‌ನಲ್ಲಿ ‘ಬೇಗ’ ಎಂಬ ಅರ್ಥದ ಶಬ್ದದಿಂದ ಬಂದ ಹೆಸರು, ಏಕೆಂದರೆ ಅದು ಬೇಗ ಮಾಗುತ್ತದೆ. ಹಣ್ಣಿಗೆ ಅವಸರ, ವೈನಿಗೆ ಅವಸರವಿಲ್ಲ. ಲೇಬಲ್ ಮೇಲೆ ‘ರೆಸೆರ್ವಾ’ ಎಂದಿದ್ದರೆ ರಿಯೋಹಾದ ಕೆಂಪು ವೈನ್ ಕನಿಷ್ಠ 3 ವರ್ಷ ಮಾಗಿರಬೇಕು, ಅದರಲ್ಲಿ ಕನಿಷ್ಠ 1 ವರ್ಷ ಓಕ್ ಮರದ ಪೀಪಾಯಿಯಲ್ಲಿ. ‘ಗ್ರಾನ್ ರೆಸೆರ್ವಾ’ಕ್ಕೆ 5 ವರ್ಷ. ಈ ಮೂರರಲ್ಲಿ ಎಳೆಯದು ‘ಕ್ರಿಯಾನ್ಸಾ’, 2 ವರ್ಷದ್ದು. ಆ ಶಬ್ದಕ್ಕೆ ಸಾಕಿ ಬೆಳೆಸುವುದು ಎಂಬ ಅರ್ಥವೂ ಇದೆ. 225 ಲೀಟರಿನ ಪೀಪಾಯಿಯ ಒಳಮೈಯನ್ನು ಬೆಂಕಿಯಲ್ಲಿ ಸುಟ್ಟಿರುತ್ತಾರೆ. ಮರದ ಮೂಲಕ ಗಾಳಿ ಸಣ್ಣಗೆ ಸುಳಿದು ಒಗರನ್ನು ಮೆತ್ತಗೆ ಮಾಡುತ್ತದೆ. ಕೊಬ್ಬರಿ, ವೆನಿಲ್ಲಾದ ವಾಸನೆ ಮರದ್ದೇ.

ಇದು ನಮಗೆ ಹೊಸದೇನಲ್ಲ. ಹಗೇವಿನಿಂದ ತೆಗೆದ ಜೋಳದ ರೊಟ್ಟಿಗೆ ಬೇರೆಯೇ ವಾಸನೆ ಇರುತ್ತಿತ್ತು ಎಂದು ಹಿರಿಯರು ಇಂದಿಗೂ ಹೇಳುತ್ತಾರೆ. ಇಟ್ಟ ಜಾಗ ಇಟ್ಟ ವಸ್ತುವಿನೊಳಗೆ ಇಳಿಯುತ್ತದೆ.

ಊಟದ ಜೊತೆಗೂ ನೋಡಿದೆವು. ಖಾರದ ಚಟ್ನಿಯ ಜೊತೆ ಒಗರು ಸಿಟ್ಟಿಗೆದ್ದಿತು. ಮಟನ್ ತುಂಡಿನ ಜೊತೆ ತಣ್ಣಗಾಯಿತು, ಟ್ಯಾನಿನ್‌ಗೆ ಹಿಡಿಯಲು ಮಾಂಸದ ಪ್ರೋಟೀನ್ ಸಿಕ್ಕಿತ್ತು. ಇನ್ನೊಂದು ಮಾತು: ಕೋಣೆಯ ಉಷ್ಣತೆಯಲ್ಲಿ ಕುಡಿಯಿರಿ ಎಂಬ ಸಲಹೆ ಕಲಬುರಗಿಯ ಮೇ ತಿಂಗಳಿಗೆ ಬರೆದದ್ದಲ್ಲ. ಇದಕ್ಕೆ 16ರಿಂದ 18 ಡಿಗ್ರಿ ಸಾಕು, ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಡಬೇಕು.

ವೈನ್ ಒಳ್ಳೆಯದು, ಉಳಿದದ್ದು ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಅದರಲ್ಲೂ ಶೇ 13-14ರಷ್ಟು ಆಲ್ಕೋಹಾಲ್ ಇರುತ್ತದೆ. ಧರಣಿ ಕೂತ ಹೆಣ್ಣುಮಕ್ಕಳ ಎದುರು ನಿಂತು ನೇರಳೆ, ಕೊಬ್ಬರಿ ಎಂದು ಮಾತಾಡುವ ಧೈರ್ಯ ನನಗಿಲ್ಲ, ಇರಬಾರದು ಕೂಡ. ಆದರೆ ಅಳತೆಯ ಶಬ್ದಗಳು ಮಾತ್ರ ಇರುವಲ್ಲಿ ‘ಇನ್ನೊಂದು’ ಎನ್ನುವುದೊಂದೇ ಮಾತು ಉಳಿಯುತ್ತದೆ. ರುಚಿಗೆ ಶಬ್ದ ಹುಡುಕುತ್ತ ಕೂತ ಆ ರಾತ್ರಿ ನಾವಿಬ್ಬರೂ ಅರ್ಧ ಬಾಟಲಿ ಹಾಗೇ ಉಳಿಸಿದೆವು.

ಓಕ್‌ನಲ್ಲಿ ಮಾಗಿಸಿದ ಕೆಂಪು ವೈನ್ ನಂದಿ ಬೆಟ್ಟದ ತಪ್ಪಲಿನಲ್ಲೂ ತಯಾರಾಗುತ್ತದೆ, ಗ್ರೋವರ್‌ನವರ ‘ಲಾ ರಿಸರ್ವ್’ ಅಂಥದ್ದು. ನಮ್ಮ ಪಕ್ಕದ ವಿಜಯಪುರ ದ್ರಾಕ್ಷಿಯ ಜಿಲ್ಲೆ. ಈ ನೆಲದ ಹಣ್ಣಿನ ರುಚಿ ಬರೆಯುವವರು ಒಮ್ಮೆಯಾದರೂ ‘ಒಗರು’ ಎಂದು ಬರೆಯಲಿ. ಓದಿದ ಕೂಡಲೇ ನಮ್ಮವ್ವನ ನಾಲಿಗೆಗೂ ಅದು ಗೊತ್ತಾಗುತ್ತದೆ, ಒಂದು ಹನಿ ಕುಡಿಯದೆಯೂ.