ಪೈಲ್ವಾನರಿಗೂ ಮೈಕು ಬೇಕೆ?

ಜಪಾನಿನ ಪೈಲ್ವಾನರ ದೆಸೆಯಿಂದ ನಮ್ಮ ಮನೆಯಲ್ಲಿ ತಾತ ಮೊಮ್ಮಗ ಮೂರು ದಿನ ಮಾತು ಬಿಟ್ಟಿದ್ದರು ಎಂದರೆ ನೀವು ನಂಬುತ್ತೀರೋ ಇಲ್ಲವೋ! ಆಸ್ತಿಗಾಗಿ ಜಗಳವಾಡುವುದನ್ನು ಕೇಳಿದ್ದೀರಿ, ಕಾಫಿ ಆರಿತೆಂದು ಜಗಳವಾಡುವುದನ್ನು ನಿಮ್ಮ ಮನೆಯಲ್ಲೇ ಕಂಡಿರುತ್ತೀರಿ. ನಮ್ಮಲ್ಲಿ ಆದದ್ದು ಇದಕ್ಕೆ.

ನನ್ನ ಮಗ ಪಿಯುಸಿ ಓದುತ್ತಾನೆ. ಓದುತ್ತಾನೆ ಅಂತ ನಾವು ಹೇಳಿಕೊಳ್ಳುವುದು ಅಷ್ಟೆ, ಅವನ ಧ್ಯಾನವೆಲ್ಲ ಅಮೆರಿಕದ ಆ ಡಬ್ಲ್ಯುಡಬ್ಲ್ಯುಇ ಕುಸ್ತಿಯ ಮೇಲೆ. ನಮ್ಮ ಮಾವನವರೋ ಮೈಸೂರಿನ ಗರಡಿಯಲ್ಲಿ ಬೆಳೆದವರು. ಮೀಸೆ ಚಿಗುರುವ ಮುಂಚೆಯೇ ಮಟ್ಟಿಗೆ ಇಳಿದವರು. ಈಗ ಮಂಡಿ ನೋವು, ಕಿವಿ ಸ್ವಲ್ಪ ಮಂದ. ಟಿವಿಯಲ್ಲಿ ಕುಸ್ತಿ ಬಂದರೆ ನೋಡದೆ ಇರಲಾರರು, ಆದರೆ ಆ ಇಂಗ್ಲಿಷಿನ ಕೂಗಾಟ ಮಾತ್ರ ಆಗದು. "ಸೌಂಡ್ ತೆಗೀಲಾ ಮೊದ್ಲು" ಅನ್ನುತ್ತಾರೆ. ಹಾಗಾಗಿ ನಮ್ಮ ಮನೆಯಲ್ಲಿ ಅಮೆರಿಕದ ಕುಸ್ತಿ ಮೂಕಿ ಚಿತ್ರದ ಹಾಗೆ ನಡೆಯುತ್ತದೆ.

ಒಂದು ಸಂಜೆ ನಾನು ಅವರೆಕಾಳು ಸುಲಿಯುತ್ತ ಕೂತಿದ್ದೆ. ಟಿವಿಯಲ್ಲಿ ಒಬ್ಬಳು ಪುಟ್ಟ ಹೆಂಗಸು ಮೇಲಿನ ಹಗ್ಗದ ಮೇಲೆ ಹತ್ತಿ ನಿಂತು, ಬೆನ್ನು ತಿರುಗಿಸಿ, ಹಿಂದಕ್ಕೆ ಲಾಗ ಹಾಕಿ ಎದುರಾಳಿಯ ಮೇಲೆ ಬಿದ್ದಳು ನೋಡಿ, ನಮ್ಮ ಮಾವನವರು ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ಯಾರ್ಲಾ ಈ ಮಗು?"

"ಐಯೊ ಸ್ಕೈ ಅಂತ ತಾತ. ಜಪಾನ್‌ನವಳು."

"ಬೀಳದ ಕಲ್ತವ್ಳೆ ನೋಡು. ಬೀಳಕ್ಕೆ ಬರ್ದಿದ್ರೆ ಎಂಥಾ ಪೈಲ್ವಾನೂ ಮೂರೇ ದಿನಕ್ಕೆ ಮೂಲೆ ಸೇರ್ತಾನೆ. ಇವ್ಳು ಗರಡಿ ಮಗು ಕಣ್ಲಾ."

"ಆಡೋದು ಚೆನ್ನಾಗೇ ಆಡ್ತಾಳೆ ತಾತ. ಆದ್ರೆ ಮೈಕ್ ಬರಲ್ಲ. ಅಮೆರಿಕದವರಿಗೆ ಮಾತು ಬೇಕು. ಇಂಗ್ಲಿಷ್ ಬರ್ದೆ ಇರೋ ಜಪಾನಿಯವರು ಅಲ್ಲಿ ಮೇಲೆ ಬರೋದು ಕಷ್ಟ."

"ಪೈಲ್ವಾನಂಗೆ ಮೈಕು ಯಾಕ್ಲಾ? ಅವನೇನು ಎಲೆಕ್ಷನ್ನಿಗೆ ನಿಂತವ್ನಾ?"

ಅಲ್ಲಿಂದ ಶುರುವಾಯಿತು.

ನಿಮಗೆ ಈ ವಿಷಯ ಅಷ್ಟಾಗಿ ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ. ಅಮೆರಿಕದ ಈ ಕುಸ್ತಿಯಲ್ಲಿ ಯಾರು ಗೆಲ್ಲಬೇಕೆಂದು ಮೊದಲೇ ತೀರ್ಮಾನವಾಗಿರುತ್ತದೆ. 1989ರಲ್ಲಿ ಆ ಕಂಪನಿಯವರೇ ನ್ಯೂಜೆರ್ಸಿಯ ಸರ್ಕಾರಕ್ಕೆ ಇದು ಮನರಂಜನೆ ಎಂದು ಒಪ್ಪಿಕೊಂಡರು. ಆದರೆ ಬೀಳುವುದು, ಏಳುವುದು, ಮೈ ನೋವು ಮಾತ್ರ ನಿಜ. ಕುಸ್ತಿಗೂ ಕುಸ್ತಿಗೂ ನಡುವೆ ಒಬ್ಬೊಬ್ಬರೂ ಮೈಕು ಹಿಡಿದು ಎದುರಾಳಿಯನ್ನು ಬೈಯುತ್ತಾರೆ, ತಮ್ಮನ್ನು ಹೊಗಳಿಕೊಳ್ಳುತ್ತಾರೆ, ಸವಾಲು ಹಾಕುತ್ತಾರೆ. ನಮ್ಮ ಕಡೆ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡುವಾಗ ಭೀಮ ದುರ್ಯೋಧನರು ಗದೆ ಎತ್ತುವ ಮುಂಚೆ ಅರ್ಧ ಗಂಟೆ ಮಾತಾಡುವುದಿಲ್ಲವೆ, ಹಾಗೆ. ಮಾತು ಬಾರದ ದುರ್ಯೋಧನನನ್ನು ಯಾರು ನೋಡುತ್ತಾರೆ ಎಂಬುದು ನನ್ನ ಮಗನ ವಾದ. ನಾಟಕಕ್ಕೆ ಮಾತು ಬೇಕು, ಕುಸ್ತಿಗೆ ಮೈ ಸಾಕು ಎಂಬುದು ಮಾವನವರದು.

ನಾನು ಯಾರ ಕಡೆಯೂ ಸೇರಲಿಲ್ಲ. ಆದರೆ ಕೈಯಲ್ಲಿದ್ದ ಅವರೆಕಾಯಿ ಹಾಗೇ ಉಳಿಯಿತು. ಏಕೆಂದರೆ ಮೈಕಿನ ವಿಷಯದಲ್ಲಿ ನನ್ನದೇ ಒಂದು ಹಳೆಯ ಗಾಯವಿದೆ.

ಎರಡು ವರ್ಷದ ಹಿಂದೆ ನಮ್ಮ ಬಡಾವಣೆಯ ಹೆಂಗಸರ ಅಡುಗೆ ಸ್ಪರ್ಧೆಯಲ್ಲಿ ನನ್ನ ಹಾಗಲಕಾಯಿ ಗೊಜ್ಜಿಗೆ ಮೊದಲ ಬಹುಮಾನ ಬಂತು. ಸ್ಟೀಲ್ ಡಬ್ಬಿ ಕೊಟ್ಟು, ಕೈಗೆ ಮೈಕು ಕೊಟ್ಟು, "ಮಾಡುವ ವಿಧಾನ ಎರಡು ಮಾತಿನಲ್ಲಿ ಹೇಳಿ" ಎಂದರು. ಇಪ್ಪತ್ತೈದು ವರ್ಷದಿಂದ ಮಾಡುವ ಗೊಜ್ಜು. ಬಾಯಿ ತೆರೆದರೆ ಗಾಳಿಯೂ ಬರಲಿಲ್ಲ! ಆಗ ಮುಂದಿನ ಸಾಲಿನಲ್ಲಿದ್ದ ನಮ್ಮೆಜಮಾನರು ಎದ್ದು ಬಂದು, "ಅವಳಿಗೆ ಅಷ್ಟಾಗಿ ಮಾತು ಬರಲ್ಲ, ನಾನೇ ಹೇಳ್ತೀನಿ" ಎಂದು ಮೈಕು ತೆಗೆದುಕೊಂಡರು. ಆ ಮನುಷ್ಯ ಹುಟ್ಟಿದ ಮೇಲೆ ಒಲೆ ಹಚ್ಚಿದವರಲ್ಲ. ಹುಣಿಸೆಹಣ್ಣು, ಬೆಲ್ಲ, ಎಳ್ಳು, ಒಣಕೊಬ್ಬರಿ ಎಂದು ಏನೇನೋ ಸೊಗಸಾಗಿ ಹೇಳಿದರು, ನಡುವೆ ಎರಡು ತಮಾಷೆ ಹಾರಿಸಿದರು. ಚಪ್ಪಾಳೆಯೋ ಚಪ್ಪಾಳೆ. ಹಾಗಲಕಾಯಿ ಹೆಚ್ಚಿ, ಉಪ್ಪು ಅರಿಶಿನ ಸವರಿ, ಅರ್ಧ ಗಂಟೆ ಬಿಟ್ಟು ಹಿಂಡಬೇಕೆಂಬುದನ್ನೇ ಬಿಟ್ಟರು! ಮಾರನೆಯ ದಿನ ಎದುರು ಮನೆಯಾಕೆ ಬಟ್ಟಲು ಹಿಡಿದು ಬಂದಳು. "ಅಲ್ಲಾ ರೀ, ನಿಮ್ಮ ಗೊಜ್ಜು ವಿಷ ವಿಷ ಆಗಿದೆಯಲ್ಲ!" ನೋಡಿ, ಮಾತಾಡಿದವರು ಅವರು, ಗೊಜ್ಜು ಮಾತ್ರ ನನ್ನದು.

ಅದಕ್ಕೇ ಮಗ ತನ್ನ ವಾದಕ್ಕೆಂದು ಹಳೆಯ ಪೈಲ್ವಾನರ ಕಥೆಗಳನ್ನು ಹೇಳತೊಡಗಿದಾಗ ನಾನು ಕಿವಿಗೊಟ್ಟು ಕೇಳಿದೆ. ಯೊಕೊಜುನಾ ಎಂಬ ದೈತ್ಯನನ್ನು ನಾನೂ ಬಲ್ಲೆ. ನನ್ನ ತಮ್ಮ ಚಿಕ್ಕವನಾಗಿದ್ದಾಗ ಟ್ರಂಪ್ ಕಾರ್ಡುಗಳಲ್ಲಿ ಅವನ ಚಿತ್ರವಿರುತ್ತಿತ್ತು. ಇನ್ನೂರು ಕಿಲೋಗೂ ಮೀರಿದ ದೇಹ, ಜಪಾನಿನ ಸುಮೋ ವೇಷ. 1993ರಲ್ಲಿ ಅಲ್ಲಿನ ದೊಡ್ಡ ಪಟ್ಟ ಎರಡು ಬಾರಿ ಗೆದ್ದ. ತಮಾಷೆಯೆಂದರೆ ಅವನು ಜಪಾನಿಯವನೇ ಅಲ್ಲ, ಅಮೆರಿಕದಲ್ಲೇ ಹುಟ್ಟಿದ ಸಮೋವಾ ಮನೆತನದವನು! ಅವನ ಪರವಾಗಿ ಮಾತಾಡುತ್ತಿದ್ದದ್ದು ಮಿಸ್ಟರ್ ಫೂಜಿ ಎಂಬ ಮ್ಯಾನೇಜರು. ಆತನೂ ಹವಾಯಿ ದ್ವೀಪದವನು. ಎದುರಾಳಿಯ ಕಣ್ಣಿಗೆ ಉಪ್ಪು ಎರಚುವುದು ಅವನ ಕಸುಬು. ಎಷ್ಟೋ ವರ್ಷ ಅಮೆರಿಕದ ಜನ ಜಪಾನಿಯವರೆಂದರೆ ಬಾಯಿ ಬಾರದ, ಕಣ್ಣಿಗೆ ಉಪ್ಪೆರಚುವ ಖಳರು ಎಂದೇ ನೋಡಿದ್ದು. ನಿಜವಾದ ಜಪಾನಿಯವರನ್ನು ಯಾರು ಕೇಳಿದರು?

ನಮ್ಮ ದೇಶದ ಖಲಿಯ ಪಾಡೂ ಇದೇ. ಹಿಮಾಚಲದ ದಲೀಪ್ ಸಿಂಗ್ ರಾಣಾ, ಪಂಜಾಬ್ ಪೊಲೀಸಿನಲ್ಲಿದ್ದವರು. 2006ರಲ್ಲಿ ಅಲ್ಲಿಗೆ ಹೋದರು, ಮರುವರ್ಷವೇ ವಿಶ್ವ ಪಟ್ಟ ಗೆದ್ದರು. ಇಂಗ್ಲಿಷ್ ಬಾರದೆಂದು ಪಕ್ಕಕ್ಕೆ ಒಬ್ಬ ದುಭಾಷಿಯನ್ನು ನಿಲ್ಲಿಸಿದರು. ಸ್ವಲ್ಪ ದಿನಕ್ಕೆ ಏಳಡಿಯ ಆ ಮನುಷ್ಯನನ್ನು ಹಾಸ್ಯಗಾರನನ್ನಾಗಿ ಮಾಡಿ ಕುಣಿಸಿದರು. ಏನೇನು ಮಾಡಿಸಿದರೆಂದು ಇಲ್ಲಿ ಬರೆಯುವುದು ಬೇಡ, ಮನೆಮಂದಿಯೆಲ್ಲ ಓದುವ ಪತ್ರಿಕೆ. ಬಾಯಿಯಿಲ್ಲದಿದ್ದರೆ ಗೆಲ್ಲಬಹುದು, ಗೆದ್ದ ಮೇಲೆ ತಾನು ಯಾರೆಂದು ಹೇಳುವುದು ಮಾತ್ರ ಬೇರೆಯವರ ಪಾಲಿಗೆ ಹೋಗುತ್ತದೆ. ಗೊಜ್ಜಿನ ಹಾಗೆ.

"ಹಾಗಾದ್ರೆ ನಾನು ಹೇಳಿದ್ದೇ ಸರಿ ತಾನೆ ಅಮ್ಮಾ?" ಎಂದ ಮಗ. ಅಷ್ಟು ಸುಲಭವಾಗಿ ಒಪ್ಪುವ ಹಾಗಿರಲಿಲ್ಲ. ಅವನೇ ಹೇಳಿದ ಇನ್ನೊಂದು ವಿಷಯವಿತ್ತು. 2018ರ ಜನವರಿಯಲ್ಲಿ ರಾಯಲ್ ರಂಬಲ್ ಎಂಬ ದೊಡ್ಡ ಪಂದ್ಯ ನಡೆದಾಗ ಗಂಡಸರಲ್ಲಿ ಗೆದ್ದವನು ಶಿನ್ಸುಕೆ ನಕಮುರಾ, ಹೆಂಗಸರಲ್ಲಿ ಗೆದ್ದವಳು ಅಸುಕಾ. ಒಂದೇ ರಾತ್ರಿ ಇಬ್ಬರೂ ಜಪಾನಿಯವರು! ನಕಮುರಾ ಕಲಿತದ್ದು ಜಪಾನಿನ ಡೋಜೋದಲ್ಲಿ. ಡೋಜೋ ಎಂದರೆ ಅಲ್ಲಿನ ಗರಡಿ. ಕಿರಿಯರು ಕಸ ಗುಡಿಸಬೇಕು, ಹಿರಿಯರ ಬಟ್ಟೆ ಒಗೆಯಬೇಕು, ಎಲ್ಲರಿಗೂ ಅಡುಗೆ ಮಾಡಬೇಕು, ಆಮೇಲೆ ಕುಸ್ತಿ. (ಇದನ್ನು ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ನಮ್ಮ ಮನೆಯ ಗಂಡಸರನ್ನೂ ಒಂದು ತಿಂಗಳು ಕಳಿಸಬಹುದಿತ್ತು.) ಆತ ಒಳಗೆ ಬರುವಾಗ ಪಿಟೀಲಿನ ಒಂದು ರಾಗ ಬಾರಿಸುತ್ತಾರೆ. ಚೌಡಯ್ಯನವರ ಊರಿನವಳು ನಾನು, ಪಿಟೀಲೆಂದರೆ ಕಿವಿ ನಿಮಿರುತ್ತದೆ. ವಾದ್ಯ ನಿಂತ ಮೇಲೂ ಅಲ್ಲಿನ ಜನ ಆ ರಾಗವನ್ನು ತಾವೇ ಹಾಡುತ್ತಾರೆ. ಒಂದು ಮಾತೂ ಆಡದೆ ಇಡೀ ಸಭೆಯನ್ನು ಹಾಡಿಸುವವನಿಗೆ ಮೈಕು ಯಾಕೆ? ಆದರೂ ಮುಂದೆ ಏಪ್ರಿಲ್‌ನಲ್ಲಿ ದೊಡ್ಡ ಪಟ್ಟ ಅವನಿಗೆ ಸಿಗಲಿಲ್ಲ. ಆಮೇಲೆ ಸಂದರ್ಶನದಲ್ಲಿ ಯಾಕೆ ಮೋಸದ ಏಟು ಕೊಟ್ಟೆ ಎಂದು ಕೇಳಿದರೆ, ತನಗೆ ಇಂಗ್ಲಿಷ್ ಬರುವುದಿಲ್ಲ ಎಂದುಬಿಟ್ಟ ಕಳ್ಳ! ಬಾರದ ಭಾಷೆಯನ್ನೇ ಆಯುಧ ಮಾಡಿಕೊಂಡ. ಜನ ಬಿದ್ದು ಬಿದ್ದು ನಕ್ಕರು.

ಹೆಂಗಸರ ಕಥೆ ಇನ್ನೂ ಚೆನ್ನ. ಒಸಾಕಾ ಊರಿನ ಅಸುಕಾ ಎರಡೂವರೆ ವರ್ಷ ಒಂದೂ ಸೋಲು ಕಾಣಲಿಲ್ಲ. ಮೈಕು ಕೊಟ್ಟರೆ ಇಂಗ್ಲಿಷಿಗೆ ತಡಕಾಡುವುದಿಲ್ಲ, ತನ್ನ ಭಾಷೆಯಲ್ಲೇ ಹರಿಹಾಯುತ್ತಾಳೆ. ಅರ್ಥವಾಗದ ಜನ ಕುಣಿದಾಡುತ್ತಾರೆ. ಐಯೊ ಸ್ಕೈ 2023ರ ಆಗಸ್ಟಿನಲ್ಲಿ ಒಂದು ಪಟ್ಟ ಗೆದ್ದಳು, 2025ರ ಮಾರ್ಚಿನಲ್ಲಿ ಇನ್ನೊಂದು. ಮರುತಿಂಗಳು ವರ್ಷದ ದೊಡ್ಡ ಪಂದ್ಯದಲ್ಲಿ ತನಗಿಂತ ಎತ್ತರದ ಇಬ್ಬರ ಎದುರು ಅದನ್ನು ಉಳಿಸಿಕೊಂಡಳು.

ಮಗ ಒಂದು ಹಳೆಯ ದೃಶ್ಯವನ್ನು ಹಾಕಿ ತೋರಿಸಿದ. 2020ರ ಮೇ ತಿಂಗಳು, ಕೊರೋನಾ ಕಾಲ, ನೋಡಲು ಒಬ್ಬ ಪ್ರೇಕ್ಷಕನೂ ಇಲ್ಲ. ಬೆಕಿ ಲಿಂಚ್ ಎಂಬ ಪಟ್ಟದರಸಿ ತನ್ನ ಪಟ್ಟವನ್ನು ಅಸುಕಾಗೆ ಒಪ್ಪಿಸಿ, ತಾನು ತಾಯಿಯಾಗಲಿದ್ದೇನೆ ಎನ್ನುತ್ತಾಳೆ. ಅಷ್ಟು ಹೊತ್ತು ಪಟ್ಟ ಸಿಕ್ಕಿತೆಂದು ಕುಣಿಯುತ್ತಿದ್ದ ಅಸುಕಾ ಕ್ಷಣಕಾಲ ನಿಂತು, ಅವಳ ಮುಖ ನೋಡಿ, ಮಗುವಿನ ಸುದ್ದಿಗೆ ಮತ್ತೆ ಕುಣಿದು ತಬ್ಬಿಕೊಳ್ಳುತ್ತಾಳೆ. ಆಟವೆಂದು ಗೊತ್ತು. ಬಸುರಿ ಸುದ್ದಿ ಮಾತ್ರ ನಿಜ. ನನಗೆ ಕಣ್ಣು ತುಂಬಿ ಬಂತು. ಅದಕ್ಕೆ ಎಷ್ಟು ಇಂಗ್ಲಿಷ್ ಬೇಕಿತ್ತು ಹೇಳಿ?

ಇಷ್ಟರಲ್ಲಿ ದಸರಾ ಬಂತು. ಮೂರು ದಿನದ ಮೌನ ಮುರಿಯಲೆಂದು ನಾನೇ ಹಟ ಹಿಡಿದು ಇಬ್ಬರನ್ನೂ ದೊಡ್ಡಕೆರೆ ಮೈದಾನದ ದೇವರಾಜ ಅರಸು ಕ್ರೀಡಾಂಗಣಕ್ಕೆ ಕರೆದುಕೊಂಡು ಹೋದೆ. ಹಿಂದೆ ಹೆಂಗಸರನ್ನು ಗರಡಿಯ ಹೊಸಿಲು ದಾಟಲೂ ಬಿಡುತ್ತಿರಲಿಲ್ಲ. ಈಗ ದಸರಾದಲ್ಲಿ ಹುಡುಗಿಯರೇ ಕುಸ್ತಿಗೆ ಇಳಿಯುತ್ತಾರೆ, ದಸರಾ ಕಿಶೋರಿ ಎಂಬ ಪಟ್ಟವೂ ಇದೆ. ಗಂಡಸರಿಗೆ ದಸರಾ ಕಂಠೀರವ, ದಸರಾ ಕೇಸರಿ, ದಸರಾ ಕುಮಾರ.

ಕೂತ ಐದೇ ನಿಮಿಷಕ್ಕೆ ಮಗ ತಾತನ ಮೊಣಕೈ ತಿವಿದ. "ಕೇಳಿಸ್ತಾ ತಾತಾ? ಮೈಕು!"

ನಿಜ! ಇಡೀ ಮೈದಾನ ಮೈಕಿನಲ್ಲಿ ಮೊಳಗುತ್ತಿತ್ತು. ಇಂಥ ಗರಡಿಯ, ಇಂಥ ಉಸ್ತಾದರ ಶಿಷ್ಯ, ಇಂಥ ಪೈಲ್ವಾನ್ ಎಂದು ಒಬ್ಬರು ಕೂಗಿ ಕೂಗಿ ಹೇಳುತ್ತಿದ್ದರು. ಇಷ್ಟು ವರ್ಷ ಮಾವನವರ ಕಿವಿಗೆ ಅದು ಬಿದ್ದೇ ಇರಲಿಲ್ಲ, ಅಥವಾ ಅದೂ ಮಟ್ಟಿಯ ವಾಸನೆಯ ಹಾಗೆ ಸಹಜವಾಗಿಹೋಗಿತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಹೆಸ್ರು ಹೇಳಕ್ಕೆ" ಎಂದರು.

ಹೆಸರು ಹೇಳುವುದೇನು ಸಣ್ಣ ಕೆಲಸವೆ? ನಮ್ಮ ಹುಡುಗ ತೊಡೆ ತಟ್ಟಿ ಸುಮ್ಮನೆ ನಿಂತರೆ ಸಾಕು, ಅವನ ಗರಡಿ, ಅವನ ಉಸ್ತಾದ, ಅವನಪ್ಪ ಎಲ್ಲ ಅವನ ಪರವಾಗಿ ಮಾತಾಡುತ್ತವೆ. ವಿಜಯದಶಮಿಯ ಬೆಳಿಗ್ಗೆ ಅರಮನೆಯಲ್ಲಿ ವಜ್ರಮುಷ್ಟಿ ಕಾಳಗಕ್ಕೆ ನಿಲ್ಲುವ ಜಟ್ಟಿಗಳಿಗೆ ಒಂದು ಮಾತೂ ಬೇಕಿಲ್ಲ. ಬೋಳಿಸಿದ ತಲೆಯಿಂದ ಮೊದಲ ಹನಿ ರಕ್ತ ಬಿದ್ದೊಡನೆ ಕಾಳಗ ಮುಗಿಯಿತು. ಅವರು ಯಾರು, ಯಾಕೆ ಬಂದರು ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಪರದೇಶದಲ್ಲಿ ಹೋಗಿ ನಿಂತವಳಿಗೆ ಆ ಅನುಕೂಲ ಎಲ್ಲಿದೆ? ಗಂಡನ ಮನೆಗೆ ಹೊಸದಾಗಿ ಬಂದ ನಮಗೇ ಇತ್ತೆ?

ಅಷ್ಟರಲ್ಲಿ ಮಹಾರಾಷ್ಟ್ರದ ಕಡೆಯ ಒಬ್ಬ ಹುಡುಗ ಇಳಿದ. ಕನ್ನಡದ ಒಂದಕ್ಷರ ಬಾರದು. ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡ. ನಮ್ಮೂರ ಹುಡುಗನ ಕೆಳಗೆ ಬಿದ್ದು, ಇನ್ನೇನು ಬೆನ್ನು ನೆಲಕ್ಕೆ ತಾಗಿತು ಎನ್ನುವಾಗ ಹಾವಿನ ಹಾಗೆ ಜಾರಿ ಮೇಲೆದ್ದ. ಅವನು ಹಾಗೆ ಮೂರು ಸಲ ಎದ್ದಾಗ ಮೈಸೂರಿನ ಜನವೇ ಅವನಿಗೆ ಶಿಳ್ಳೆ ಹೊಡೆಯಿತು. ಕೊನೆಗೆ ಚಿತ್ ಆದ. ಸೋತವನ ಕೈಗೂ ಒಬ್ಬರು ನೋಟು ತುರುಕಿದರು. ಮಾವನವರು ಮೊಮ್ಮಗನ ಮುಖವನ್ನೇ ನೋಡಿದರು. ಅವನು ಏನೂ ಹೇಳಲಿಲ್ಲ.

ಈ ವರ್ಷದ ಅಡುಗೆ ಸ್ಪರ್ಧೆಗೆ ಹೆಸರು ಕೊಟ್ಟು ಬಂದಿದ್ದೇನೆ. ನಮ್ಮೆಜಮಾನರಿಗೆ ಕೊನೆಯ ಸಾಲಿನಲ್ಲಿ ಕೂರಬೇಕೆಂದು ಈಗಲೇ ತಾಕೀತು ಮಾಡಿಯಾಗಿದೆ. ಬಾಯಿ ತಡವರಿಸಿದರೆ ತಡವರಿಸಲಿ, ಉಪ್ಪು ಸವರಿ ಹಿಂಡುವುದನ್ನಂತೂ ಹೇಳಿಯೇ ಹೇಳುತ್ತೇನೆ.

ಮೊನ್ನೆ ರಾತ್ರಿ ಮತ್ತೆ ಟಿವಿಯಲ್ಲಿ ಅಸುಕಾ ಮೈಕು ಹಿಡಿದು ನಿಂತಿದ್ದಳು, ಬಾಯಿ ಪಟಪಟ ಆಡುತ್ತಿತ್ತು. ಮಾವನವರು ಸ್ವಲ್ಪ ನೋಡಿ, "ಸೌಂಡ್ ಕೊಡ್ಲಾ" ಎಂದರು. ನಾನೂ ಮಗನೂ ಮುಖ ಮುಖ ನೋಡಿಕೊಂಡೆವು.

"ಏನಂತೆ?"

"ಗೊತ್ತಿಲ್ಲ ತಾತ. ಜಪಾನಿ ಭಾಷೆ."

ಇನ್ನೂ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದರು.

"ಬೈತಾವ್ಳೆ" ಎಂದರು. "ಚೆನ್ನಾಗೇ ಬೈತಾವ್ಳೆ. ಇನ್ನೊಸಿ ಜಾಸ್ತಿ ಮಾಡು."